ಕೀಲೆಣ್ಣೆ

ಆಯುಧಪೂಜೆಗೆ ಒಂದು ವಾರ ಇದೆ ಅನ್ನುವಾಗ ಬರುವ ಭಾನುವಾರ ನಮ್ಮ ಮನೆಯಲ್ಲಿ ಒಂದು ಕೆಲಸಕ್ಕೆ ಮೀಸಲು. ಬೆಳಗ್ಗೆ ಆರೂವರೆಗೆ ಕಾರು ತೆಗೆದು ತುಮಕೂರಿನ ರಿಂಗ್ ರೋಡ್‌ವರೆಗೆ ಒಂದು ಸುತ್ತು ಹೋಗಿ ಬರುತ್ತೇನೆ. ವಾಪಸ್ ಬಂದು ಪೋರ್ಟಿಕೋದಲ್ಲಿ ನಿಲ್ಲಿಸುವ ಹೊತ್ತಿಗೆ ಮಗಳು ಹಳೇ ಪೇಪರ್ ಹಾಸಿ ಕಾಯುತ್ತಿರುತ್ತಾಳೆ. ಪಕ್ಕದಲ್ಲಿ ಸ್ಪ್ಯಾನರ್, ಅಗಲ ಬಾಯಿಯ ಪ್ಲಾಸ್ಟಿಕ್ ಟಬ್, ಲಾಳಿಕೆ, ವೇಸ್ಟ್ ಬಟ್ಟೆ, ಟಾರ್ಚ್. ಹೆಂಡತಿ ಕಾಫಿ ಲೋಟ ತಂದು ಮೆಟ್ಟಿಲ ಮೇಲಿಟ್ಟು, "ರೀ, ಆ ಒಳ್ಳೇ ಟೀ ಶರ್ಟ್ ಬಿಚ್ಚಿಟ್ಟು ಕೆಳಗೆ ಹೋಗಿ" ಎಂದು ಹೇಳಿ ಒಳಗೆ ಹೋಗುತ್ತಾಳೆ. ಆವತ್ತು ಕಾರಿನ ಇಂಜಿನ್ ಆಯಿಲ್ ಬದಲಿಸುವ ದಿನ.

ನಮ್ಮದು 2008ರ ಹಳೇ ವ್ಯಾಗನ್ ಆರ್. 1061 ಸಿಸಿ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್. ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ಓಡುತ್ತದೆ, ಅದರಲ್ಲಿ ಜಾಸ್ತಿ ಪಾಲು ತಿಪಟೂರಿನ ಹತ್ತಿರದ ನಮ್ಮ ಊರಿಗೆ, ಅಮ್ಮನನ್ನು ನೋಡಲು. "ಗ್ಯಾರೇಜಿಗೆ ಬಿಟ್ಟರೆ ಅರ್ಧ ಗಂಟೆ ಕೆಲಸ, ಯಾಕ್ರೀ ಭಾನುವಾರ ಹಾಳು ಮಾಡ್ಕೋತೀರಾ" ಎಂದು ಎದುರು ಮನೆಯವರು ಪ್ರತಿ ವರ್ಷ ಕೇಳುತ್ತಾರೆ. ದುಡ್ಡು ಉಳಿಸುವುದಕ್ಕೆ ಅಂದುಕೊಂಡಿದ್ದಾರೆ. ಉಳಿಯುವುದು ಕೆಲವು ನೂರು ರೂಪಾಯಿ, ಅಷ್ಟೇ. ನಾನು ಇದನ್ನು ಬಿಡದೆ ಮಾಡುವುದಕ್ಕೆ ಕಾರಣ ಹೇಳಬೇಕಾದರೆ ತಾತನ ಎತ್ತಿನ ಗಾಡಿಯಿಂದ ಶುರು ಮಾಡಬೇಕು.

ತಾತ ತಿಪಟೂರಿನ ಸಂತೆಗೆ ಗಾಡಿ ಕಟ್ಟುವ ಹಿಂದಿನ ಸಂಜೆ ಗಾಡಿಗೆ ಎಣ್ಣೆ ಹಾಕುತ್ತಿದ್ದರು. ಒಂದು ಕವೆಗೋಲು ಕೊಟ್ಟು ಗಾಡಿಯನ್ನು ಒಂದು ಬದಿಗೆ ಎತ್ತಿ ನಿಲ್ಲಿಸುವುದು. ಚಕ್ರ ನೆಲ ಬಿಟ್ಟ ಮೇಲೆ, ಅದು ಕಳಚದ ಹಾಗೆ ಹಿಡಿದಿಡುವ ಕಡಾಣಿ ಕಿತ್ತು, ಚಕ್ರವನ್ನು ಒಂದು ಗೇಣು ಹೊರಗೆಳೆಯುವುದು. ಆಗ ಕಬ್ಬಿಣದ ಅಚ್ಚು ಕಾಣುತ್ತಿತ್ತು. ಅದರ ಮೇಲೆ ಮಸಿಯ ಹಾಗೆ ಕಪ್ಪಗೆ, ಅಂಟಂಟಾಗಿ ಹಳೇ ಎಣ್ಣೆ. ತಾತ ಮೊದಲು ಒಂದು ಹಿಡಿ ಹುಲ್ಲು ತಗೊಂಡು ಅದನ್ನೆಲ್ಲ ಒರೆಸಿ ತೆಗೆಯುತ್ತಿದ್ದರು. ಆಮೇಲೆ ಗಾಡಿಯ ಕೆಳಗೆ ತೂಗುಹಾಕಿದ್ದ ಬಿದಿರಿನ ಕೊಳವೆಯಿಂದ ಕೀಲೆಣ್ಣೆ ತೆಗೆದು ಕಡ್ಡಿಯಿಂದ ಬಳಿಯುತ್ತಿದ್ದರು. ಒಂದು ಸಲ ನಾನು, ಸುಮ್ನೆ ಮೇಲೆ ಹೊಸದು ಹಾಕಿದರೆ ಆಗಲ್ವಾ ಎಂದು ಕೇಳಿದ್ದೆ. "ಹಳೇದ್ರಾಗೆ ಮಣ್ಣು ಸೇರ್ಕಂಡಿರ್ತೈತೆ ಕಣ್ಲಾ. ಮಣ್ಣಿನ ಮ್ಯಾಲೆ ಎಣ್ಣೆ ಹಾಕಿದ್ರೆ ಅಚ್ಚು ತಿಂದಾಕ್ತೈತೆ" ಅಂದಿದ್ದರು.

ನನಗಿಂತ ದೊಡ್ಡ ಮೆಕ್ಯಾನಿಕ್‌ಗಳು ಹೇಳುವುದೂ ಇದನ್ನೇ.

ಆ ಕೀಲೆಣ್ಣೆಯನ್ನು ಅಂಗಡಿಯಿಂದ ತರುತ್ತಿರಲಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಸಾಸಿವೆ ಜೊತೆ ಹರಳು ಬೆಳೆಯುತ್ತಿತ್ತು. ಅಜ್ಜಿ ಹರಳು ಹುರಿದು, ಕುಟ್ಟಿ, ನೀರಿಗೆ ಹಾಕಿ ಕುದಿಸುತ್ತಿದ್ದಳು. ಮೇಲೆ ತೇಲಿ ಬಂದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಇನ್ನೊಂದು ಪಾತ್ರೆಗೆ ಹಾಕಿ, ನೀರಿನಂಶ ಹೋಗುವ ತನಕ ಕಾಯಿಸುತ್ತಿದ್ದಳು. ಅದೇ ಹರಳೆಣ್ಣೆ ನಮ್ಮ ತಲೆಗೆ, ದೀಪಾವಳಿಯ ಎಣ್ಣೆಸ್ನಾನಕ್ಕೆ, ಮಗುವಿನ ಹೊಟ್ಟೆಗೆ. ಅದಕ್ಕೇ ಹುಲ್ಲು ಸುಟ್ಟ ಕರಿ ಕಲಸಿದರೆ ಗಾಡಿಯ ಕೀಲೆಣ್ಣೆ.

ಬಹಳ ವರ್ಷ ಆದ ಮೇಲೆ ನನಗೊಂದು ವಿಷಯ ಗೊತ್ತಾಯಿತು. ಚಾರ್ಲ್ಸ್ ವೇಕ್‌ಫೀಲ್ಡ್ ಅನ್ನುವವರು 1899ರಲ್ಲಿ ಲಂಡನ್ನಿನಲ್ಲಿ ಯಂತ್ರಗಳಿಗೆ ಹಾಕುವ ಎಣ್ಣೆಯ ಕಂಪನಿ ಶುರು ಮಾಡಿದರು. ಕಾರು, ವಿಮಾನ ಹೊಸದಾಗಿ ಬರುತ್ತಿದ್ದ ಕಾಲ. ಅವುಗಳಿಗಾಗಿ ಅವರು 1909ರಲ್ಲಿ ಒಂದು ಎಣ್ಣೆ ತಂದರು. ಅದರಲ್ಲಿ ಕ್ಯಾಸ್ಟರ್ ಆಯಿಲ್ ಬೆರೆಸಿದ್ದರಿಂದ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟರು. ಕ್ಯಾಸ್ಟರ್ ಆಯಿಲ್ ಅಂದರೆ ನಮ್ಮ ಹರಳೆಣ್ಣೆಯೇ. ಮೊದಲ ಮಹಾಯುದ್ಧದ ಕಾಲದ ರೋಟರಿ ಇಂಜಿನ್ನಿನ ವಿಮಾನಗಳೂ ಹರಳೆಣ್ಣೆಯಲ್ಲೇ ಹಾರಿದವು. ಇದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಯಿತು. ಅಜ್ಜಿ ಸೌಟಿನಲ್ಲಿ ತೆಗೆಯುತ್ತಿದ್ದ ಎಣ್ಣೆ ಆಕಾಶಕ್ಕೂ ಹೋಗಿ ಬಂದಿದೆ ಅಲ್ವಾ?

ಈಗಿನ ಇಂಜಿನ್ ಆಯಿಲ್ ಕಚ್ಚಾತೈಲದಿಂದ ಬರುತ್ತದೆ ಅಥವಾ ಕಾರ್ಖಾನೆಯಲ್ಲಿ ಕೂಡಿಸಿ ಮಾಡಿದ್ದು. ಆದರೆ ಕೆಲಸ ಅದೇ, ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ಮಧ್ಯೆ ನಿಲ್ಲುವುದು. ಹೈವೇಯಲ್ಲಿ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಅಂದರೆ ಒಂದೊಂದು ಪಿಸ್ಟನ್ನೂ ಒಂದು ಸೆಕೆಂಡಿನಲ್ಲಿ 50 ಸಲ ಮೇಲೆ ಹೋಗಿ ಕೆಳಗೆ ಬರುತ್ತಿದೆ. ಅಷ್ಟು ಓಡಾಟದ ನಡುವೆ ಇರುವುದು ಕೂದಲೆಳೆಗಿಂತಲೂ ತೆಳುವಾದ ಎಣ್ಣೆಯ ಪದರ.

ಆ ಎಣ್ಣೆ ಒಳಗೆ ಹೇಗೆ ಓಡಾಡುತ್ತದೆ ಎಂದು ಮಗಳು ಕೇಳಿದಾಗ ನಮ್ಮ ಮನೆಯನ್ನೇ ತೋರಿಸಿದೆ. ಕೆಳಗೆ ಸಂಪ್ ಇದೆ. ಮೋಟರ್ ಹಾಕಿದರೆ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ, ಅಲ್ಲಿಂದ ಎಲ್ಲ ನಲ್ಲಿಗೂ ಇಳಿಯುತ್ತದೆ. ಇಂಜಿನ್ನಿನ ತಳದಲ್ಲಿರುವ ಎಣ್ಣೆಯ ಬಟ್ಟಲಿಗೂ ಸಂಪ್ ಅಂತಲೇ ಹೆಸರು. ಒಂದು ಪಂಪ್ ಅಲ್ಲಿಂದ ಎಣ್ಣೆ ಎಳೆದು, ಮೊದಲು ಫಿಲ್ಟರ್ ಮೂಲಕ ಸೋಸಿ, ಬೇರಿಂಗ್‌ಗಳಿಗೆ, ಮೇಲೆ ವಾಲ್ವ್‌ಗಳ ತನಕ ತಳ್ಳುತ್ತದೆ. ಕೆಲಸ ಮುಗಿದ ಎಣ್ಣೆ ತಾನಾಗಿಯೇ ಸೋರಿ ಸಂಪಿಗೆ ಬೀಳುತ್ತದೆ. ವ್ಯತ್ಯಾಸ ಇಷ್ಟೇ, ಮನೆಯಲ್ಲಿ ಬಳಸಿದ ನೀರು ಸಂಪಿಗೆ ವಾಪಸ್ ಬರುವುದಿಲ್ಲ. ಇಲ್ಲಿ ಅದೇ ಮೂರು ಚಿಲ್ಲರೆ ಲೀಟರ್ ಎಣ್ಣೆ ವರ್ಷವಿಡೀ ಸುತ್ತುತ್ತಿರುತ್ತದೆ. ಇಂಜಿನ್ನಿನ ಕೊಳೆಯನ್ನೆಲ್ಲ ಅದೇ ಹೊತ್ತುಕೊಂಡು ತಿರುಗುತ್ತದೆ.

ಎಣ್ಣೆ ಕೊಳ್ಳುವಾಗ ಕ್ಯಾನಿನ ಮೇಲಿನ ಅಂಕಿ ಗಾಬರಿ ಹುಟ್ಟಿಸುತ್ತದೆ. ನಾನು ಹಾಕುವುದು 20ಡಬ್ಲ್ಯೂ-40. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಎಣ್ಣೆ ತಣ್ಣಗಿದ್ದಾಗ ಹೇಗೆ ಹರಿಯುತ್ತದೆ ಅನ್ನುವುದಕ್ಕೆ, ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆ ಅನ್ನುವುದಕ್ಕೆ. ಮೊದಲ ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಬೇಗ ಹರಿಯುತ್ತದೆ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ, ಬಿಸಿಲಿಗಿಟ್ಟು ಕರಗಿಸಿ ತಲೆಗೆ ಹಚ್ಚಿಕೊಂಡು ಬೆಳೆದವರು ನಾವು. ಇಂಜಿನ್ ಆಯಿಲ್ ಹಾಗೆ ಹೆಪ್ಪುಗಟ್ಟಬಾರದು, ಬಿಸಿಯಾದಾಗ ನೀರಿನ ಹಾಗೆ ತೆಳ್ಳಗೂ ಆಗಬಾರದು. ಅದಕ್ಕಾಗಿ ಅದರಲ್ಲಿ ಒಂದು ರೀತಿಯ ಪಾಲಿಮರ್ ಸೇರಿಸಿರುತ್ತಾರೆ. ತಣ್ಣಗಿದ್ದಾಗ ಅದರ ಎಳೆಗಳು ಮುದುಡಿಕೊಂಡಿರುತ್ತವೆ, ಬಿಸಿ ತಾಗಿದಾಗ ಬಿಚ್ಚಿಕೊಂಡು ಎಣ್ಣೆಯ ಮೈ ಹಿಡಿದಿಡುತ್ತವೆ.

ನಾನು 20ಡಬ್ಲ್ಯೂ-40 ಹಾಕುತ್ತೇನೆ ಅಂತ ನೀವೂ ಅದನ್ನೇ ತರಬೇಡಿ. ನಮ್ಮದು ಹಳೇ ಇಂಜಿನ್. ಈಚಿನ ಇಂಜಿನ್‌ಗಳ ಸಂದುಗಳು ತುಂಬಾ ಸಣ್ಣ, ಅವುಗಳಿಗೆ 5ಡಬ್ಲ್ಯೂ-30, 0ಡಬ್ಲ್ಯೂ-20 ತರಹದ ತೆಳು ಎಣ್ಣೆ ಬೇಕು. ಕಾರಿನ ಜೊತೆ ಕೊಟ್ಟಿರುವ ಪುಸ್ತಕ ತೆಗೆದು ನೋಡಿ. ಎಷ್ಟೋ ಮನೆಯಲ್ಲಿ ಆ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರುವುದಿಲ್ಲ. ಅಂಗಡಿಯವರು ಹೇಳಿದ್ದಕ್ಕಿಂತ, ನಾನು ಹೇಳುವುದಕ್ಕಿಂತ ಆ ಪುಸ್ತಕದ ಮಾತು ಮೇಲು. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಈ ಕೆಲಸ ಮನೆಯಲ್ಲಿ ಮಾಡಬೇಡಿ, ಕಂಪನಿಯ ಸರ್ವಿಸ್‌ಗೇ ಬಿಡಿ.

ಎಣ್ಣೆ, ಫಿಲ್ಟರ್ ನಾನು ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಿಂದ ತರುತ್ತೇನೆ. ಪೆಟ್ರೋಲ್ ಕಾರುಗಳಿಗೆಂದೇ ಮೂರೂವರೆ ಲೀಟರಿನ ಕ್ಯಾನ್ ಸಿಗುತ್ತದೆ. ಜೊತೆಗೆ ಡ್ರೈನ್ ಬೋಲ್ಟಿನ, ಅಂದರೆ ಹಳೇ ಎಣ್ಣೆ ಇಳಿಸಲು ಬಿಚ್ಚುವ ಸಂಪಿನ ಬೋಲ್ಟಿನ ವಾಷರ್ ಕೇಳಿ ತಗೊಳ್ಳಿ. ಅದರ ಬೆಲೆ ಒಂದು ಕಾಫಿಗಿಂತ ಕಡಿಮೆ, ಅದಕ್ಕೇ ಯಾರಿಗೂ ನೆನಪಾಗುವುದಿಲ್ಲ. ಬೋಲ್ಟ್ ಬಿಗಿ ಮಾಡಿದಾಗ ಆ ವಾಷರ್ ಸ್ವಲ್ಪ ಚಪ್ಪಟೆಯಾಗಿ ಸಂದು ಮುಚ್ಚುತ್ತದೆ. ಒಂದು ಸಲ ಚಪ್ಪಟೆಯಾದದ್ದು ಇನ್ನೊಂದು ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಒಂದು ಸುತ್ತು ಹೋಗಿ ಬರುವುದು ಎಣ್ಣೆ ಬೆಚ್ಚಗಾಗಲಿ ಅಂತ. ಬೆಚ್ಚಗಿದ್ದರೆ ಪೂರ್ತಿ ಇಳಿಯುತ್ತದೆ, ತಳದಲ್ಲಿ ಕೂತ ಕೊಳೆಯನ್ನೂ ಜೊತೆಗೆ ತರುತ್ತದೆ. ತುಂಬಾ ಬಿಸಿ ಇದ್ದರೆ ಕೈ ಸುಡುತ್ತದೆ, ಅದಕ್ಕೇ ಬಂದು ಕಾಫಿ ಮುಗಿಸುವಷ್ಟು ಹೊತ್ತು ಬಿಡುತ್ತೇನೆ.

ಆಮೇಲೆ ಹ್ಯಾಂಡ್‌ಬ್ರೇಕ್, ಫಸ್ಟ್ ಗೇರ್, ಹಿಂದಿನ ಎರಡೂ ಚಕ್ರಕ್ಕೆ ಸೈಜುಗಲ್ಲು. ಜಾಕ್ ಕೊಟ್ಟು ಮುಂದಿನ ಭಾಗ ಎತ್ತಿದ ಮೇಲೆ ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಡುತ್ತೇನೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಒಂದೇ ನಿಮಿಷದ ಕೆಲಸ ಇದ್ದರೂ ಬೇಡ. ಕಾರಿನ ಜೊತೆ ಬರುವ ಜಾಕ್ ಇರುವುದು ಸ್ಟೆಪ್ನಿ ಹಾಕಲು ಮಾತ್ರ, ಅದು ಜಾರಿದರೆ ನಮಗೆ ಕಣ್ಣು ಮಿಟುಕಿಸುವಷ್ಟೂ ಸಮಯ ಕೊಡುವುದಿಲ್ಲ. ಇಟ್ಟಿಗೆ ಪೇರಿಸಿ ನಿಲ್ಲಿಸುವುದೂ ಬೇಡ, ಭಾರಕ್ಕೆ ಇಟ್ಟಿಗೆ ಒಡೆಯುತ್ತದೆ. ಸ್ಟ್ಯಾಂಡ್ ಇಲ್ಲ ಅಂದರೆ ಆವತ್ತು ಗ್ಯಾರೇಜಿಗೆ ಹೋಗಿ. ಸ್ಟ್ಯಾಂಡ್ ಕೊಟ್ಟ ಮೇಲೂ ನಾನು ಕಾರನ್ನು ಎರಡು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡುತ್ತೇನೆ. ಮಗಳು ಯಾವ ಕಾರಣಕ್ಕೂ ಕೆಳಗೆ ಬರುವ ಹಾಗಿಲ್ಲ. ಅವಳ ಜಾಗ ಪಕ್ಕದಲ್ಲಿ, ಟಾರ್ಚ್ ಹಿಡಿದುಕೊಂಡು.

ಮೇಲೆ ಎಣ್ಣೆ ಹಾಕುವ ಮುಚ್ಚಳ ಮೊದಲೇ ಬಿಚ್ಚಿಟ್ಟರೆ ಗಾಳಿಯಾಡಿ ಕೆಳಗೆ ಸಲೀಸಾಗಿ ಇಳಿಯುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡು, ಡ್ರೈನ್ ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಕೊಟ್ಟು ಸಡಿಲಿಸುತ್ತೇನೆ. ಕೊನೆಯ ಎರಡು ಸುತ್ತು ಬೆರಳಿನಿಂದ. ಬೋಲ್ಟನ್ನು ಒಳಕ್ಕೆ ಒತ್ತಿಕೊಂಡೇ ತಿರುಗಿಸುತ್ತ ಹೋಗಿ, ಪೂರ್ತಿ ಬಿಟ್ಟಿತು ಅನ್ನಿಸಿದಾಗ ಸರಕ್ಕನೆ ಕೈ ಪಕ್ಕಕ್ಕೆ ಎಳೆಯಬೇಕು. ಎಣ್ಣೆ ಮೊದಲು ಜೋರಾಗಿ ಹಾರಿ ಬೀಳುತ್ತದೆ, ಟಬ್ಬನ್ನು ಅದಕ್ಕೆ ತಕ್ಕ ಹಾಗೆ ಸ್ವಲ್ಪ ದೂರ ಇಟ್ಟಿರಬೇಕು. ಆಮೇಲೆ ಧಾರೆ ಸಣ್ಣದಾಗುತ್ತಾ ಬೋಲ್ಟಿನ ತೂತಿನ ಹತ್ತಿರಕ್ಕೆ ಬರುತ್ತದೆ. ಆಮೇಲೆ ದಾರದ ಹಾಗೆ. ಆಮೇಲೆ ತೊಟ್ಟು ತೊಟ್ಟು.

ಈ ಹತ್ತು ಹದಿನೈದು ನಿಮಿಷ ನನಗೆ ವರ್ಷದಲ್ಲಿ ಬೇರೆ ಯಾವಾಗಲೂ ಸಿಗುವುದಿಲ್ಲ. ಎಣ್ಣೆ ಇಳಿಯುತ್ತಿರುವಾಗ ಬೇರೆ ಕೆಲಸವಿಲ್ಲ. ಟಾರ್ಚ್ ಇಸಿದುಕೊಂಡು ಕಾರಿನ ಹೊಟ್ಟೆಯನ್ನು ನಿಧಾನವಾಗಿ ನೋಡುತ್ತೇನೆ. ಚಕ್ರದ ಹತ್ತಿರದ ಜಾಯಿಂಟ್ ಮುಚ್ಚಿರುವ ರಬ್ಬರ್ ಬೂಟ್ ಹರಿದು ಗ್ರೀಸ್ ಚಿಮ್ಮಿದೆಯಾ, ಸೈಲೆನ್ಸರ್ ತುಕ್ಕು ಹಿಡಿದಿದೆಯಾ, ಬ್ರೇಕ್ ಪೈಪಿನ ಹತ್ತಿರ ಒದ್ದೆ ಇದೆಯಾ. ಎರಡು ವರ್ಷದ ಹಿಂದೆ ಹೀಗೆ ನೋಡುವಾಗಲೇ ಎಡಗಡೆಯ ಬೂಟ್ ಸೀಳಿದ್ದು ಕಂಡಿತು. ಇನ್ನೊಂದು ತಿಂಗಳು ಓಡಿಸಿದ್ದರೆ ಒಳಗೆ ಮಣ್ಣು ಸೇರಿ ಇಡೀ ಜಾಯಿಂಟ್ ಹೋಗುತ್ತಿತ್ತು. ತಾತ ಕೀಲೆಣ್ಣೆ ಬಳಿಯುವಾಗ ಚಕ್ರದ ಅರಗಳನ್ನು ಒಂದೊಂದಾಗಿ ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಬಿರುಕು ಬಿಟ್ಟ ಅರದ ಸದ್ದೇ ಬೇರೆ ಅನ್ನುತ್ತಿದ್ದರು. ಗಾಡಿಯ ಹತ್ತಿರ ಅಷ್ಟು ಹೊತ್ತು ಕೂರಲು ಅವರಿಗೂ ಎಣ್ಣೆ ಒಂದು ನೆಪ ಆಗಿತ್ತು ಅಂತ ಈಗ ಅನ್ನಿಸುತ್ತದೆ.

ಫಿಲ್ಟರ್ ಬಿಚ್ಚುವುದು ಸ್ವಲ್ಪ ಹಟದ ಕೆಲಸ. ಕೈಗೆ ಬರದಿದ್ದರೆ ಬೆಲ್ಟಿನಂತಹ ಫಿಲ್ಟರ್ ಸ್ಪ್ಯಾನರ್ ಸಿಗುತ್ತದೆ. ಬಿಚ್ಚಿದ ಮೇಲೆ ಮಾಡಲೇಬೇಕಾದ ಒಂದು ಕೆಲಸ ಇದೆ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯಾ ಎಂದು ನೋಡಬೇಕು. ನಾನು ಒಂದು ವರ್ಷ ನೋಡಲಿಲ್ಲ. ಹಳೇ ರಿಂಗ್ ಇಂಜಿನ್ನಿಗೇ ಅಂಟಿಕೊಂಡಿತ್ತು, ಅದರ ಮೇಲೆ ಹೊಸ ಫಿಲ್ಟರ್ ತಿರುಗಿಸಿದೆ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡಿಗೆ ಹೊಸ ಎಣ್ಣೆ ಪೋರ್ಟಿಕೋ ತುಂಬಾ ಹರಿಯಿತು. ತಕ್ಷಣ ಆಫ್ ಮಾಡಿದ್ದಕ್ಕೆ ಇಂಜಿನ್ ಉಳಿಯಿತು. ಆ ಸಿಮೆಂಟಿನ ಮೇಲೆ ಕಲೆ ಇನ್ನೂ ಇದೆ.

ಹೊಸ ಫಿಲ್ಟರಿನ ರಿಂಗಿಗೆ ಬೆರಳಿನಿಂದ ಹೊಸ ಎಣ್ಣೆ ಸವರಿ, ಕೈಯಿಂದಲೇ ತಿರುಗಿಸುತ್ತ ಹೋಗಬೇಕು. ರಿಂಗ್ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಅಷ್ಟು ಸಾಕು. ಡ್ರೈನ್ ಬೋಲ್ಟಿಗೂ ಅಷ್ಟೇ, ಹೊಸ ವಾಷರ್ ಹಾಕಿ, ಮೊದಲು ಬೆರಳಿನಿಂದ ಕೂರಿಸಿ, ಆಮೇಲೆ ಸ್ಪ್ಯಾನರಿನಿಂದ ಹದವಾಗಿ ಬಿಗಿ ಮಾಡಬೇಕು. ಈ ಹದ ನನಗೆ ಇಷ್ಟು ಮುಖ್ಯ ಆಗುವುದಕ್ಕೆ ಕಾರಣ ಇದೆ. ನಾನು ಮನೆಯಲ್ಲಿ ಮಾಡಲು ಶುರು ಮಾಡುವ ಮೊದಲು ಒಂದು ಕಡೆ ಸರ್ವಿಸ್ ಮಾಡಿಸಿದ್ದೆ. ಅಲ್ಲಿ ಗಾಳಿ ಗನ್ನಿನಿಂದ ಆ ಬೋಲ್ಟನ್ನು ಎಷ್ಟು ಬಿಗಿ ಮಾಡಿದ್ದರು ಅಂದರೆ, ಮುಂದಿನ ಸಲ ಸ್ಪ್ಯಾನರಿಗೆ ಉದ್ದ ಪೈಪ್ ಸಿಕ್ಕಿಸಿ ನೇತಾಡಿದರೂ ಬರಲಿಲ್ಲ. ಕೊನೆಗೆ ಬಂತು, ಬರುವಾಗ ಥ್ರೆಡ್ ಕಿತ್ತುಕೊಂಡೇ ಬಂತು. ನಮ್ಮ ತಿಪಟೂರಿನ ಗ್ಯಾರೇಜ್ ಮೇಸ್ತ್ರಿ ಅದನ್ನು ಸರಿ ಮಾಡಿಕೊಟ್ಟರು. ಕೊಡುವಾಗ ನನ್ನ ಕೈಗೇ ಸ್ಪ್ಯಾನರ್ ಕೊಟ್ಟು, "ಬಿಗಿ ಮಾಡಪ್ಪ, ಸಾಕು ಅಂತ ಬೋಲ್ಟೇ ಹೇಳ್ತದೆ" ಅಂದರು. ಆವತ್ತು ಅವರು ನನ್ನ ಮುಂಗೈ ಹಿಡಿದು ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿದರು. ನನ್ನ ಈ ಭಾನುವಾರಗಳು ಶುರುವಾದದ್ದು ಹಾಗೆ.

ಕಾರು ಕೆಳಗಿಳಿಸಿ, ಸಮ ನೆಲದಲ್ಲಿ ನಿಲ್ಲಿಸಿ ಎಣ್ಣೆ ಹಾಕುವುದು. ಲಾಳಿಕೆ ಹಿಡಿಯುವುದು ಮಗಳ ಕೆಲಸ. ಹೊಸ ಎಣ್ಣೆ ಜೇನುತುಪ್ಪದ ಬಣ್ಣ. ಮೊದಲು ಮೂರು ಲೀಟರ್ ಹಾಕಿ, ಐದು ನಿಮಿಷ ಬಿಟ್ಟು ಎಣ್ಣೆಯ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಒರೆಸಿ, ಅದ್ದಿ ತೆಗೆದು ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತೇವೆ. ಮೇಲಿನ ಗುರುತು ದಾಟಬಾರದು. ಜಾಸ್ತಿ ಹಾಕಿದರೆ ಒಳ್ಳೆಯದಲ್ವಾ ಎಂದು ಕೇಳುವವರಿದ್ದಾರೆ. ಜಾಸ್ತಿಯಾದರೆ ಪಿಸ್ಟನ್‌ಗಳ ಕೆಳಗೆ ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ನೊರೆ ಏಳುತ್ತದೆ. ನೊರೆಯಲ್ಲಿರುವುದು ಗಾಳಿ, ಗಾಳಿಗೆ ಕಬ್ಬಿಣವನ್ನು ದೂರ ಇಡುವ ಶಕ್ತಿ ಇಲ್ಲ. ಕೊನೆಗೆ ಸ್ಟಾರ್ಟ್ ಮಾಡಿದಾಗ ಮೀಟರಿನಲ್ಲಿ ಎಣ್ಣೆಯ ಕೆಂಪು ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ಆಫ್. ಆರಿದರೆ ಒಂದೆರಡು ನಿಮಿಷ ಓಡಲು ಬಿಟ್ಟು, ಕೆಳಗೆ ಬಗ್ಗಿ ಬೋಲ್ಟ್, ಫಿಲ್ಟರ್ ಎರಡೂ ಒಣಗಿವೆಯಾ ಎಂದು ನೋಡುವುದು. ಇಂಜಿನ್ ನಿಲ್ಲಿಸಿ, ಸ್ವಲ್ಪ ಬಿಟ್ಟು ಇನ್ನೊಂದು ಸಲ ಡಿಪ್‌ಸ್ಟಿಕ್ ನೋಡುವುದು.

ಕಾರಿನ ಮಟ್ಟಿಗೆ ಇಷ್ಟೇ. ಬಾನೆಟ್ ಮುಚ್ಚಬಹುದು. ಆದರೆ ಟಬ್ಬಿನಲ್ಲಿ ಮೂರು ಲೀಟರ್ ಕಪ್ಪು ಎಣ್ಣೆ ಕೂತಿದೆ.

ಮೊದಲ ಸಲ ಅದನ್ನು ನೋಡಿದಾಗ ಮಗಳು, "ಅಪ್ಪಾ, ಇದು ಕೆಟ್ಟೋಗಿದೆಯಾ?" ಎಂದು ಕೇಳಿದ್ದಳು. ಕೆಟ್ಟಿಲ್ಲ ಪುಟ್ಟಿ, ಕೆಲಸ ಮಾಡಿದೆ ಅಂದೆ. ಇಂಜಿನ್ ಆಯಿಲ್‌ಗೆ ಸೋಪಿನಂತಹ ಪದಾರ್ಥಗಳನ್ನು ಬೆರೆಸಿರುತ್ತಾರೆ. ಪೆಟ್ರೋಲ್ ಉರಿದು ಬರುವ ಮಸಿಯನ್ನು ಅವು ಇಂಜಿನ್ನಿನ ಗೋಡೆಗೆ ಅಂಟಲು ಬಿಡದೆ ಎಣ್ಣೆಯಲ್ಲೇ ತೇಲಿಸಿಟ್ಟುಕೊಳ್ಳುತ್ತವೆ. ಹಾಗಾಗಿ ಎಣ್ಣೆ ಕಪ್ಪಾಗಿದೆ ಅಂದರೆ ಅದು ಕೊಳೆ ಹೊತ್ತುಕೊಳ್ಳುವ ಕೆಲಸ ಮಾಡುತ್ತಿದೆ ಅಂತ ಅರ್ಥ. ಬರೀ ಬಣ್ಣ ನೋಡಿ ಎಣ್ಣೆ ಹಾಳಾಗಿದೆ ಎಂದು ಹೇಳಲು ಬರುವುದಿಲ್ಲ. ಹೆದರಬೇಕಾದದ್ದು ಬೇರೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ನೀರು ಸೇರಿದೆ. ಪೆಟ್ರೋಲಿನ ವಾಸನೆ ಜೋರಾಗಿದ್ದರೆ ಅದೂ ಒಳ್ಳೆಯದಲ್ಲ. ಬಿಸಿಲಿಗೆ ಹಿಡಿದಾಗ ಮಿಣಮಿಣ ಚೂರು ಕಂಡರೆ ಒಳಗೆ ಎಲ್ಲೋ ಲೋಹ ಸವೆಯುತ್ತಿದೆ.

ತಾತ ಅಚ್ಚು ಒರೆಸಿದ ಹುಲ್ಲನ್ನು ತಿಪ್ಪೆಗೆ ಎಸೆಯುತ್ತಿದ್ದರು. ಹರಳೆಣ್ಣೆ, ಹುಲ್ಲಿನ ಕರಿ. ಹೊಲದಿಂದ ಬಂದದ್ದು ಗೊಬ್ಬರದ ಜೊತೆ ಹೊಲಕ್ಕೇ ಹೋಗುತ್ತಿತ್ತು. ನಾನು ಅವರಿಂದ ಎಲ್ಲ ಕಲಿತ ಹಾಗೆ ಇದನ್ನೂ ಕಲಿತೆ. ಮೊದಮೊದಲು ಹಬ್ಬಕ್ಕೆ ಊರಿಗೆ ಹೋದಾಗ ಅಲ್ಲಿನ ಅಂಗಳದಲ್ಲೇ ಆಯಿಲ್ ಬದಲಿಸುತ್ತಿದ್ದೆ. ಹಳೇ ಎಣ್ಣೆಯನ್ನು ಕೊಟ್ಟಿಗೆಯ ಹಿಂದೆ ಗುಂಡಿ ತೆಗೆದು ಸುರಿದೆ. ಸ್ವಲ್ಪ ಎಣ್ಣೆಯನ್ನು ಗೆದ್ದಲು ಬರದಿರಲಿ ಎಂದು ಕೊಟ್ಟಿಗೆಯ ಕಂಬದ ಬುಡಕ್ಕೆ ಬಳಿದೆ. ಊರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಅದು. ಹೀಗೆ ಮೂರು ವರ್ಷ.

ನಾಲ್ಕನೇ ವರ್ಷ ಮಳೆ ಚೆನ್ನಾಗಿ ಬಂತು. ಒಂದು ದಿನ ಅಮ್ಮ ಫೋನ್ ಮಾಡಿ, "ಕೊಟ್ಟಿಗೆ ಹಿಂದೆ ನಿಂತಿರೋ ನೀರ್ ಮ್ಯಾಲೆ ಬಣ್ಣ ಬಣ್ಣ ಐತಲ್ಲ ಮಗ, ಏನದು? ಕರು ಮೂಸಿ ನೋಡಿ ಹಿಂದಕ್ಕೆ ಬಂತು" ಅಂದಳು. ನನಗೆ ತಕ್ಷಣ ಗೊತ್ತಾಯಿತು. ಆ ನೀರು ಹರಿದು ಹೋಗುವುದು ಊರ ಕಟ್ಟೆಗೆ. ಆ ವಾರವೇ ಊರಿಗೆ ಹೋಗಿ ಗುಂಡಿ ಅಗೆದೆ. ಮೊಣಕೈ ಆಳಕ್ಕೆ ಹೋದರೂ ಮಣ್ಣು ಕಪ್ಪಗೇ ಇತ್ತು, ಗ್ಯಾರೇಜಿನ ವಾಸನೆ ಹೊಡೆಯುತ್ತಿತ್ತು. ಮೂರು ವರ್ಷದ ಹಿಂದೆ ಸುರಿದದ್ದನ್ನೂ ಮಣ್ಣು ಜೀರ್ಣ ಮಾಡಿಕೊಂಡಿರಲಿಲ್ಲ. ಅಗೆದ ಮಣ್ಣನ್ನು ಎರಡು ಚೀಲಕ್ಕೆ ತುಂಬಿ ಕಟ್ಟಿದೆ. ಕಟ್ಟಿದ ಮೇಲೆ ಅದನ್ನು ಎಲ್ಲಿಗೆ ಒಯ್ಯಬೇಕು ಎಂದು ತೋಚಲಿಲ್ಲ. ಆ ಎರಡು ಚೀಲ ಇವತ್ತಿಗೂ ಕೊಟ್ಟಿಗೆಯ ಮೂಲೆಯಲ್ಲಿ, ಮಳೆ ತಾಗದ ಕಡೆ ಇವೆ. ಊರಿಗೆ ಹೋದಾಗಲೆಲ್ಲ ನೋಡುತ್ತೇನೆ.

ಇಂಜಿನ್ನಿನಿಂದ ಇಳಿದ ಎಣ್ಣೆ ತಾತನ ಕೀಲೆಣ್ಣೆಯ ಜಾತಿಯದಲ್ಲ. ಅದರಲ್ಲಿ ಸವೆದ ಲೋಹ ಇದೆ, ಸತುವಿನ ಸಂಯುಕ್ತಗಳಿವೆ, ಪೆಟ್ರೋಲ್ ಉರಿದ ಕೊಳೆ ಇದೆ. ಪದೇ ಪದೇ ಚರ್ಮಕ್ಕೆ ತಾಗಿದರೆ ಚರ್ಮದ ಕ್ಯಾನ್ಸರಿನ ಅಪಾಯ ಇದೆ, ಗ್ಲೌಸ್ ಹಾಕಿಕೊಳ್ಳುವುದು ಅದಕ್ಕೇ. ಒಂದು ಕಾರಿನಿಂದ ಒಂದು ಸಲ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಎಣ್ಣೆ ತಯಾರಿಸಿ ಮಾರುವವರೇ ಬಳಸಿದ ಎಣ್ಣೆಯ ಮರುಬಳಕೆಗೂ ಹೊಣೆ ಹೊರಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಕಾಗದದ ಮೇಲೆ ಎಲ್ಲ ಇದೆ. ಆದರೆ ಮನೆಯಲ್ಲಿ ಆಯಿಲ್ ಬದಲಿಸುವ ನನ್ನಂಥವರ ಟಬ್ಬಿನ ತನಕ ಯಾವ ಗಾಡಿಯೂ ಬರುವುದಿಲ್ಲ. ನಾವೇ ಹೊತ್ತುಕೊಂಡು ಹೋಗಬೇಕು.

ಹೊತ್ತುಕೊಂಡು ಹೋಗುವುದು ಕಷ್ಟವಲ್ಲ. ಹೊಸ ಎಣ್ಣೆ ಬಂದ ಕ್ಯಾನಿಗೇ ಹಳೇ ಎಣ್ಣೆ ಲಾಳಿಕೆಯಿಂದ ತುಂಬಿ ಮುಚ್ಚಳ ಹಾಕಿದರೆ ಆಯಿತು. ಅದರಲ್ಲಿ ನೀರು, ಕೂಲೆಂಟ್, ಸೀಮೆಎಣ್ಣೆ ಏನೂ ಬೆರೆಸಬಾರದು, ಬೆರೆತರೆ ಮತ್ತೆ ಶುದ್ಧ ಮಾಡುವವರಿಗೆ ಅದು ಬರುವುದಿಲ್ಲ. ಫಿಲ್ಟರನ್ನು ತೂತು ಕೆಳಗೆ ಮಾಡಿ ಒಂದು ರಾತ್ರಿ ಟಬ್ಬಿನಲ್ಲಿ ಬಸಿಯಲು ಬಿಟ್ಟು, ಅದನ್ನೂ ಕವರಿಗೆ ಹಾಕಿಡುವುದು. ಕಷ್ಟ ಇರುವುದು ಯಾರ ಕೈಗೆ ಕೊಡುತ್ತೇವೆ ಅನ್ನುವುದರಲ್ಲಿ. ನಮ್ಮ ಬೀದಿಯಲ್ಲಿ ಮನೆ ಕಟ್ಟಿಸುತ್ತಿದ್ದವರು ಸೆಂಟ್ರಿಂಗ್ ಶೀಟಿಗೆ ಬಳಿಯಲು ಕೇಳಿದರು. ಒಬ್ಬರು ಒಲೆಗೆ ಬೇಕು ಅಂದರು. ಇಬ್ಬರಿಗೂ ಇಲ್ಲ ಅಂದೆ. ಶೀಟಿಗೆ ಬಳಿದದ್ದು ಮಳೆಗೆ ತೊಳೆದು ಚರಂಡಿಗೆ ಹೋಗುತ್ತದೆ, ಸುಟ್ಟರೆ ಲೋಹ ಹೊಗೆಯಲ್ಲಿ ಹೋಗುತ್ತದೆ. ಇಲ್ಲ ಅನ್ನುವುದು ನನಗೂ ಸುಲಭ ಇರಲಿಲ್ಲ, ದಿನಾ ಮುಖ ನೋಡುವವರು.

ಈಗ ಕೊಡುವುದು ಮನೆಯಿಂದ ಎರಡು ಕಿಲೋಮೀಟರ್ ದೂರದ ಒಂದು ಗ್ಯಾರೇಜಿಗೆ. ಮೊದಲು ಹೋದಾಗ, ನಿಮ್ಮ ವೇಸ್ಟ್ ಆಯಿಲ್ ಯಾರು ತಗೊಂಡು ಹೋಗ್ತಾರೆ ಎಂದು ಕೇಳಿದ್ದೆ. ಅಲ್ಲಿನ ಯಜಮಾನರು ಬೇಜಾರು ಮಾಡಿಕೊಳ್ಳದೆ, ಪರವಾನಗಿ ಇರುವ ಮರುಶುದ್ಧೀಕರಣದವರು ಡ್ರಮ್ ಎತ್ತಿದಾಗ ಕೊಟ್ಟ ರಸೀದಿ ತೋರಿಸಿದರು. ಅಂಥ ಕಡೆ ನೀರು ತೆಗೆದು, ಬಟ್ಟಿ ಇಳಿಸಿ, ಕಲ್ಮಶ ಬೇರ್ಪಡಿಸಿ ಮತ್ತೆ ಮೂಲ ಎಣ್ಣೆ ಮಾಡುತ್ತಾರೆ. ಅದು ಇನ್ನೊಂದು ಇಂಜಿನ್ನಿಗೆ ಹೋಗಬಹುದು. ನಿಮ್ಮ ಊರಿನ ಗ್ಯಾರೇಜಿನಲ್ಲಿ ನೀವೂ ಕೇಳಿ. ಕೇಳಿದರೆ ತಪ್ಪಿಲ್ಲ. ಉತ್ತರ ಸರಿಯಾಗಿ ಬರದಿದ್ದರೆ ಇನ್ನೊಂದು ಗ್ಯಾರೇಜಿಗೆ ಹೋಗಿ.

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ತಾರೀಕು, ಕಿಲೋಮೀಟರ್, ಎಣ್ಣೆ, ಫಿಲ್ಟರ್ ಎಂದು ನಾಲ್ಕು ಸಾಲು ಗೆರೆ ಹಾಕಿದ್ದೆ. ಗುಂಡಿ ಅಗೆದ ವರ್ಷ ಐದನೆಯದೊಂದು ಗೆರೆ ಎಳೆದೆ, 'ಹಳೇ ಎಣ್ಣೆ ಎಲ್ಲಿಗೆ' ಎಂದು. ಈಗ ಬರೆಯುವುದೆಲ್ಲ ಮಗಳೇ.

ಈ ವರ್ಷ ಕೆಲಸ ಒಂದು ವಾರ ತಡವಾಯಿತು. ಮಳೆ ಬಿಡಲಿಲ್ಲ. ಆಯುಧಪೂಜೆಯ ಹಿಂದಿನ ಸಂಜೆ ಮುಗಿಸಿದೆವು, ಆ ಹೊತ್ತಿಗೆ ಗ್ಯಾರೇಜ್ ಬಾಗಿಲು ಹಾಕಿತ್ತು. ಹಬ್ಬ ಕಳೆದು ತೆರೆಯುವ ತನಕ ಕ್ಯಾನ್ ಮನೆಯಲ್ಲೇ ಇರಬೇಕಾಯಿತು. ಬೆಳಗ್ಗೆ ಕಾರು ತೊಳೆದು, ಸೇವಂತಿಗೆ ಹಾರ ಹಾಕಿ, ಸ್ಪ್ಯಾನರ್, ಜಾಕ್, ಸ್ಟ್ಯಾಂಡ್ ಎಲ್ಲವನ್ನೂ ಒಂದು ಮಣೆಯ ಮೇಲೆ ಜೋಡಿಸಿದೆವು. ಅಮ್ಮನೂ ಊರಿಂದ ಬಂದಿದ್ದಳು. ಮಗಳು ತಟ್ಟೆ ಹಿಡಿದು ಒಂದೊಂದಕ್ಕೂ ಅರಿಶಿನ ಕುಂಕುಮ ಇಡುತ್ತಾ ಬಂದಳು. ಎಲ್ಲ ಮುಗಿದ ಮೇಲೆ ಗೋಡೆ ಪಕ್ಕ ಇದ್ದ ಹಳೇ ಎಣ್ಣೆಯ ಕ್ಯಾನಿನ ಹತ್ತಿರ ಹೋಗಿ ನಿಂತು, ನನ್ನ ಮುಖ ನೋಡಿ, ಅದಕ್ಕೂ ಒಂದು ಬೊಟ್ಟು ಇಟ್ಟಳು. ನಾನು ಬೂದುಗುಂಬಳ ಎತ್ತಿಕೊಂಡು ರಸ್ತೆಗೆ ಇಳಿದೆ.

ನೋಟ್‌ಬುಕ್ಕಿನ ಐದನೇ ಗೆರೆಯನ್ನು ಅವಳು ಸೋಮವಾರ ಗ್ಯಾರೇಜಿನಿಂದ ಬಂದ ಮೇಲೆ ತುಂಬಿದಳು.